ರೀಸ್ಟಾರ್ಟ್‌ಗೆ ಮುಂಚೆ ಒಂದು ಕೆಲಸ

ಗೊಟಗೋಡಿಯ ರೈತರೊಬ್ಬರು ಹೊಲದ ಕೆಲಸ ಬಿಟ್ಟು ಶಿಗ್ಗಾಂವಿಗೆ ಹೋಗಿ ಪಹಣಿಗೆ ಸಾಲು ನಿಂತಾಗ ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’ ಅಂದರೆ ಅವರ ಒಂದು ದಿನದ ದುಡಿಮೆ ಹೋಯಿತು. ಸರ್ವರ್ ನಿಲ್ಲಲು ಕಾರಣ ಹಲವು. ಅವುಗಳಲ್ಲಿ ಬೇಗ ಕೈಗೆ ಸಿಗದ್ದು ಮೆಮೊರಿ ಲೀಕ್, ಅಂದರೆ ಪ್ರೋಗ್ರಾಂ ತಾನು ಪಡೆದ ಮೆಮೊರಿಯನ್ನು ಕೆಲಸ ಮುಗಿದರೂ ಬಿಟ್ಟುಕೊಡದಿರುವುದು.

2012ರ ಅಕ್ಟೋಬರ್ 22ರಂದು ಅಮೆಜಾನ್ ಕ್ಲೌಡ್‌ನ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ಆದದ್ದೂ ಇದೇ. ಸ್ಟೋರೇಜ್ ಸರ್ವರ್‌ಗಳ ಮಾಹಿತಿ ಸಂಗ್ರಹಿಸುವ ಪುಟ್ಟ ಪ್ರೋಗ್ರಾಂ, ತೆಗೆದುಹಾಕಿದ ಹಳೆಯ ಯಂತ್ರವನ್ನೇ ಮತ್ತೆ ಮತ್ತೆ ಹುಡುಕುತ್ತ ಮೆಮೊರಿ ತಿನ್ನುತ್ತಾ ಹೋಯಿತು. ನಿಗಾ ಇದ್ದದ್ದು ಸರ್ವರಿನ ಒಟ್ಟು ಮೆಮೊರಿಯ ಮೇಲೆ, ಆ ಪ್ರೋಗ್ರಾಂನ ಮೇಲಲ್ಲ. ಹೀಗಾಗಿ ಎಚ್ಚರಿಕೆಯ ಗಂಟೆ ಮೊಳಗಲೇ ಇಲ್ಲ. ಆ ಸರ್ವರ್‌ಗಳನ್ನು ನಂಬಿದ್ದ ರೆಡಿಟ್‌ನಂಥ ದೊಡ್ಡ ತಾಣಗಳೂ ನಿಂತವು.

ಇಂಥ ಲೀಕ್ ಪತ್ತೆಹಚ್ಚುವುದು ಹೇಗೆ? ಜಾವಾದಲ್ಲಿ ಬರೆದ ತಂತ್ರಾಂಶವಾದರೆ, ಪ್ರತಿ ಫುಲ್ ಜಿಸಿ (ಬೇಡವಾದ ವಸ್ತುಗಳನ್ನು ತೆರವು ಮಾಡುವ ಪೂರ್ಣ ಸುತ್ತು) ಮುಗಿದ ಮೇಲೆ ಉಳಿಯುವ ಹೀಪ್ (ಪ್ರೋಗ್ರಾಂ ತನ್ನ ವಸ್ತುಗಳನ್ನು ಇಡುವ ಮೆಮೊರಿ) ಎಷ್ಟೆಂದು ನೋಡಿ. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಲೀಕ್‌ನ ಅನುಮಾನ ಗಟ್ಟಿ. ಅಂತರ ಬಿಟ್ಟು ಎರಡು ಹೀಪ್ ಡಂಪ್ (ಆ ಕ್ಷಣದ ಹೀಪ್‌ನ ನಕಲು) ತೆಗೆದು, ಎಕ್ಲಿಪ್ಸ್ ಮೆಮೊರಿ ಅನಲೈಜರ್‌ನಲ್ಲಿ ಹೋಲಿಸಿ. ಬೆಳೆದ ವಸ್ತುವನ್ನು ಯಾವುದು ಹಿಡಿದುಕೊಂಡಿದೆ ಎಂಬುದು ಅಲ್ಲೇ ಕಾಣುತ್ತದೆ. ಎಷ್ಟೋ ಸಲ ಅದು ಮಿತಿಯೇ ಇಲ್ಲದ ಕ್ಯಾಶ್. ಹೀಪ್ ಸ್ಥಿರವಾಗಿದ್ದೂ ಪ್ರೊಸೆಸ್‌ನ ಮೆಮೊರಿ ಏರುತ್ತಿದ್ದರೆ ಹೀಪ್‌ನ ಹೊರಗೆ ಹುಡುಕಬೇಕು.

ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗಿ ಸರ್ವರ್ ನೋಡಿಕೊಳ್ಳುತ್ತಿರುವ ತಮ್ಮ-ತಂಗಿಯರೇ, ರೀಸ್ಟಾರ್ಟ್ ಮಾಡಿದರೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಮೊದಲು ಡಂಪ್ ತೆಗೆದಿಡಿ.