ಮೂರು ವಾಚ್‌ಮನ್‌ಗಳು

ಆನ್‌ಲೈನ್ ಆಟ ಕೈಕೊಟ್ಟರೆ ಎಲ್ಲರೂ ಮೊದಲು ಬೈಯುವುದು ಸ್ಪೀಡಿಗೆ. ನಮ್ಮ ಪುಣೆಯ ಮನೆಯಲ್ಲಿ 200 ಎಂಬಿಪಿಎಸ್ ಬರುತ್ತಿತ್ತು. ಆದರೂ ಪ್ಲೇಸ್ಟೇಷನ್ನಿನಲ್ಲಿ ಮಗನ ಮಾತು ಧಾರವಾಡದಲ್ಲಿರುವ ನನ್ನ ಅಕ್ಕನ ಮಗನಿಗೆ ಕೇಳಿಸುತ್ತಿರಲಿಲ್ಲ. ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಹುಡುಗ, ಆ ಆಟದ ನಡುವೆ ಮಾತ್ರ 'ಏ, ಹಿಂದ ನೋಡಲೇ!' ಎಂದು ಕೂಗುತ್ತಿದ್ದ. ಅದೂ ನಿಂತುಹೋಯಿತು.

ಕಂಪನಿಯವರು ಇನ್ನೂ ದೊಡ್ಡ ಪ್ಲಾನ್ ತಗೊಳ್ಳಿ ಎಂದರು. ನಿಜ ಹೇಳಿದ್ದು ಕನ್ಸೋಲಿನ ನೆಟ್‌ವರ್ಕ್ ಪರೀಕ್ಷೆ: ನ್ಯಾಟ್ ಟೈಪ್ 3.

ನ್ಯಾಟ್ ಎಂದರೆ ಸೊಸೈಟಿಯ ವಾಚ್‌ಮನ್ ಇದ್ದ ಹಾಗೆ. ಒಳಗಿನವರು ಕರೆಸಿದವರನ್ನು ಬಿಡುತ್ತಾನೆ, ತಾವಾಗಿ ಬಂದವರನ್ನು ಗೇಟಿನಿಂದಲೇ ಕಳಿಸುತ್ತಾನೆ. ನಮಗೆ ಮೂವರಿದ್ದರು: ಫೈಬರ್ ಡಬ್ಬಿ, ನನ್ನ ರೌಟರ್, ಆಚೆ ಕಂಪನಿಯವನೊಬ್ಬ. ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿದೆ, ಒಬ್ಬ ಹೋದ. ರೌಟರಿನಲ್ಲಿ ಯುಪಿಎನ್‌ಪಿ ಆನ್ ಮಾಡಿದೆ, ಇನ್ನೊಬ್ಬ ಮೆತ್ತಗಾದ. ಆದರೂ ಟೈಪ್ 3! ರೌಟರಿನ ವ್ಯಾನ್ ವಿಳಾಸ ನೋಡಿದರೆ 100.72ರಿಂದ ಶುರು. 100.64ರಿಂದ 100.127ರವರೆಗಿನ ಸಾಲನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟಿದ್ದಾರೆ. ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಸಾಲದೆ, ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸುತ್ತಾರೆ. ಆ ಮೂರನೆಯವನು ನನ್ನ ರೌಟರಿನ ಮಾತು ಕೇಳುವವನಲ್ಲ.

'ಸಿಜಿನ್ಯಾಟ್‌ನಿಂದ ತೆಗೆದು ಪಬ್ಲಿಕ್ ಐಪಿ ಕೊಡಿ' ಎಂದು ಕಂಪನಿಗೆ ಈ ಪದಗಳಲ್ಲೇ ಕೇಳಬೇಕು. ನಾವು ಕೇಳದೆ ಅವರಾಗಿ ಹೇಳುವುದಿಲ್ಲ. ಎರಡು ದಿನಕ್ಕೆ ಟೈಪ್ 2 ಬಂತು. ತಿಂಗಳ ಬಿಲ್ಲು ಸ್ವಲ್ಪ ಏರಿತು. ಹೆಂಡತಿ ಅದನ್ನು ಖರ್ಚಿನ ಲೆಕ್ಕದಲ್ಲಿ 'ಕನ್ನಡ ಟ್ಯೂಷನ್' ಎಂದು ಬರೆದಿದ್ದಾಳೆ.