ಕಲ್ಲಿನ ಮೇಲೆ ಕಟ್ಟಿದ ಹಡಗುಗಳು

ಯುದ್ಧದ ಚಿತ್ರವೆಂದೊಡನೆ ಧ್ವಜ, ಕುದುರೆ, ಗಾಯಗೊಂಡ ವೀರ ಇವು ಕಣ್ಣ ಮುಂದೆ ನಿಲ್ಲುವುದು ವಾಡಿಕೆ. ಸ್ಕಾಟ್ಲೆಂಡಿನ ಮ್ಯೂರ್‌ಹೆಡ್ ಬೋನ್ ಎಂಬ ಚಿತ್ರಕಾರನು 1917ರಲ್ಲಿ ರಚಿಸಿದ ಆರು ಕಲ್ಲಚ್ಚುಗಳಲ್ಲಿ ಇವೊಂದೂ ಇಲ್ಲ. ಅಲ್ಲಿರುವುದು ಹಡಗು ಕಟ್ಟುವ ಕೆಲಸ.

ಆ ವರ್ಷ ಬ್ರಿಟನ್ನಿಗೆ ಹಡಗೆಂದರೆ ಅನ್ನದ ಪ್ರಶ್ನೆಯೇ ಆಗಿದ್ದಿತು. ಕಡಲಾಚೆಯಿಂದ ಧಾನ್ಯ ಬಾರದಿದ್ದರೆ ಆ ದ್ವೀಪದ ಒಲೆಗಳು ಉರಿಯುವಂತಿರಲಿಲ್ಲ. ಜರ್ಮನಿಯ ಜಲಾಂತರ್ಗಾಮಿಗಳಾದರೋ ಏಪ್ರಿಲ್ ಒಂದೇ ತಿಂಗಳಲ್ಲಿ ಮಿತ್ರರಾಷ್ಟ್ರಗಳ ಮತ್ತು ತಟಸ್ಥರಾಷ್ಟ್ರಗಳ 8 ಲಕ್ಷ ಟನ್ನಿಗೂ ಮಿಕ್ಕ ಹಡಗುಗಳನ್ನು ಮುಳುಗಿಸಿದುವು. ಇಂತಹ ಕಾಲದಲ್ಲಿ ಸರ್ಕಾರವು 18 ಮಂದಿ ಕಲಾವಿದರಿಂದ 66 ಕಲ್ಲಚ್ಚುಗಳ ಮಾಲೆಯೊಂದನ್ನು ಬರೆಯಿಸಿತು. ‘ಆದರ್ಶ’ಗಳನ್ನು ಕುರಿತ 12 ಚಿತ್ರಗಳು ಬಣ್ಣದವು, ‘ಪ್ರಯತ್ನ’ವನ್ನು ಕುರಿತ 54 ಕಪ್ಪುಬಿಳುಪಿನವು. ಆದರ್ಶಕ್ಕೆ ಬಣ್ಣ, ಬೆವರಿಗೆ ಮಸಿ! ಆದರೆ ಇಂದು ನೋಡುವವರ ಕಣ್ಣು ನಿಲ್ಲುವುದು ಮಸಿಯ ಚಿತ್ರಗಳಲ್ಲಿಯೇ.

ಹಡಗಿನ ಭಾಗವು ಬೋನನಿಗೆ ಬಂದುದು ಉಚಿತವೇ ಸರಿ. ಅವನು 1876ರಲ್ಲಿ ಕ್ಲೈಡ್ ನದಿಯ ದಡದ ಗ್ಲಾಸ್ಗೋ ನಗರದಲ್ಲಿ ಹುಟ್ಟಿದವನು. ಮೊದಲು ಕಲಿತದ್ದು ವಾಸ್ತುವಿದ್ಯೆ. 1906ರಲ್ಲಿಯೇ ಲಂಡನ್ನಿನ ಚೇರಿಂಗ್ ಕ್ರಾಸ್ ನಿಲ್ದಾಣದೊಳಗಿನ ಮಹಾ ಸಾರವೆಯನ್ನು ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ ಅಚ್ಚಿಗಿಳಿಸಿದ್ದನು. ಕಟ್ಟಿ ಮುಗಿದುದಕ್ಕಿಂತ ಕಟ್ಟುತ್ತಿರುವುದರ ಮೇಲೆಯೇ ಅವನಿಗೆ ಮೋಹ.

ಕಲ್ಲಚ್ಚಿನ ಕ್ರಮ ಬೇರೆ. ಜಿಡ್ಡಿನ ಕಡ್ಡಿಯಿಂದ ಬರೆದ ಗೆರೆಯು ನೀರನ್ನು ಒಲ್ಲದು, ಮಸಿಯನ್ನು ಹಿಡಿಯುವುದು. ತೇವವಾದ ಕಲ್ಲು ಮಸಿಯನ್ನು ಒಲ್ಲದು. ಕೈಯ ಒತ್ತಡವೆಲ್ಲ ಹಾಗೆಯೇ ಕಾಗದಕ್ಕೆ ಇಳಿಯುವುದರಿಂದ, ಹೊಗೆ ಮುಸುಕಿದ ಕಾರ್ಖಾನೆಗೆ ಇದಕ್ಕಿಂತ ಒಪ್ಪುವ ಸಾಧನವಿಲ್ಲ. ಒಂದು ಚಿತ್ರವನ್ನು ಬೋನನು ಎತ್ತರದ ಕ್ರೇನಿನ ಮೇಲಿಂದ ನೋಡಿ ಬರೆದಿರುವನು. ಅಲ್ಲಿ ಮನುಷ್ಯನು ಇರುವೆಯಷ್ಟು ಕಿರಿದು. ಆದರೆ ಆ ಕಬ್ಬಿಣದ ಬೆಟ್ಟವು ಇರುವೆಯ ಕೈಯಿಂದಲೇ ಏಳಬೇಕಾದುದೆಂಬುದನ್ನು ನೋಡುವವನು ಮರೆಯಲಾರ.

ಇಷ್ಟಾದರೂ ಆ ಕೈಗಳ ಕಥೆಯನ್ನು ಈ ಮಾಲೆ ಪೂರ್ತಿ ಹೇಳುವುದಿಲ್ಲ. ಎರಡೇ ವರ್ಷಗಳ ಹಿಂದೆ, 1915ರಲ್ಲಿ, ಗ್ಲಾಸ್ಗೋವಿನ ಮನೆಮಾಲಿಕರು ಬಾಡಿಗೆಯನ್ನು ಏರಿಸಿದಾಗ, ಗೋವನ್ ಬಡಾವಣೆಯ ಮೇರಿ ಬಾರ್ಬರ್ ಮೊದಲಾದ ಗೃಹಿಣಿಯರು ಬಾಡಿಗೆ ಕೊಡಲೊಲ್ಲೆವೆಂದು ನಿಂತಿದ್ದರು. ಹಡಗು ಕಟ್ಟುವವರು ಅವರ ಬೆಂಬಲಕ್ಕೆ ಬರಲಾಗಿ, ಸರ್ಕಾರವು ಅದೇ ವರ್ಷ ಬಾಡಿಗೆಯನ್ನು ಕಟ್ಟುಮಾಡುವ ಕಾನೂನನ್ನು ತಂದಿತು. ಸರ್ಕಾರವೇ ಬರೆಯಿಸಿದ ಚಿತ್ರದಲ್ಲಿ ಈ ಜಗಳಕ್ಕೆ ಎಡೆಯೆಲ್ಲಿ? ಬೋನನು ಸುಳ್ಳನ್ನು ಬರೆಯಲಿಲ್ಲ. ಕ್ರೇನಿನ ಮೇಲಿಂದ ಮನೆಗಳ ಒಳಗು ಕಾಣದು, ಅಷ್ಟೆ.

ಆರನೆಯ ಚಿತ್ರದ ಹೆಸರು ‘ಕಡಲಿಗೆ ಸಿದ್ಧ’. ಅಂತಹ ಹಡಗುಗಳು ಎಲ್ಲಿಗೆ ಹೋಗುವುವೆಂಬುದು ಬೋನನಿಗೆ ಮನೆಯ ಮಾತಾಗಿತ್ತು: ಅವನ ಅಣ್ಣ ಡೇವಿಡ್ ಬೋನನು ವ್ಯಾಪಾರಿ ಹಡಗಿನ ಕಪ್ತಾನ. ಯುದ್ಧಕಾಲದ ಆ ನಾವಿಕರ ವೃತ್ತಾಂತವನ್ನು ಅಣ್ಣನು 1919ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟವನು ಈ ತಮ್ಮನೇ.