ನೇತ್ರಾಣಿಯ ನೆರೆಹೊರೆ

ಮುರ್ಡೇಶ್ವರದ ತೀರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಅರಬ್ಬಿ ಸಮುದ್ರದ ನಡುವೆ ಎದ್ದು ನಿಂತ ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಹಸಿರು. ಆಕಾಶದಿಂದ ನೋಡಿದರೆ ಹೃದಯದ ಆಕಾರ. ಪಾರಿವಾಳ ದ್ವೀಪ ಎಂಬ ಹೆಸರೂ ಇದಕ್ಕುಂಟು. ಮಳೆಗಾಲದಲ್ಲಿ ಕಡಲು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮಳೆ ಮುಗಿದು ನೀರು ತಿಳಿಯಾದ ಮೇಲೆ ಸ್ಕೂಬಾ ಆಸಕ್ತರು ಬರತೊಡಗುತ್ತಾರೆ.

ಅವರನ್ನು ಸೆಳೆಯುವುದು ನೀರಿನಡಿಯ ಲೋಕ. ಬಂಡೆಗಳ ಮೈಗೆ ಹವಳ ಅಂಟಿಕೊಂಡಿದೆ. ಸಂದುಗೊಂದುಗಳಲ್ಲಿ ಚಿಟ್ಟೆಮೀನು, ಗಿಳಿಮೀನು, ಟ್ರಿಗರ್ ಮೀನು, ಹಾವಿನಂತೆ ಇಣುಕುವ ಮೊರೆ ಈಲ್. ಎಲ್ಲಕ್ಕೂ ಒಂದೇ ಕೇರಿ. ನೋಡಿದವರಿಗೆ ಇವೆಲ್ಲ ಗೆಳೆಯರೇ ಅನಿಸಬಹುದು. ವಾಸ್ತವದಲ್ಲಿ ಒಂದನ್ನೊಂದು ಅಟ್ಟುವ, ಸಿಕ್ಕರೆ ನುಂಗುವ ಮೀನುಗಳೂ ಇವುಗಳಲ್ಲಿವೆ. ಓಡಲು ಕಡಲಿದೆ, ಅಡಗಲು ಬಿಲವಿದೆ. ಹಾಗಾಗಿ ಬಾಳ್ವೆ ಸಾಗುತ್ತದೆ.

ಇಂಥ ಕೇರಿಯನ್ನು ಕಂಡು ಬಂದ ಮಕ್ಕಳು ಮನೆಯಲ್ಲೂ ಒಂದು ಉಪ್ಪುನೀರಿನ ತೊಟ್ಟಿ ಬೇಕೆಂದು ಹಟ ಹಿಡಿಯುವುದು ಸಹಜ. ಗಾಜಿನ ತೊಟ್ಟಿಯಲ್ಲಿ ಓಡಲು ಜಾಗವಿಲ್ಲ ಎಂಬುದನ್ನು ತಂದೆತಾಯಂದಿರು ಮೊದಲು ನೆನೆಯಬೇಕು. ಬಣ್ಣ ನೋಡಿ ಮೀನು ಆರಿಸಿದರೆ ವಾರದೊಳಗೆ ಒಂದೆರಡು ಕಾಣೆಯಾಗುವುದುಂಟು. ಸಿಂಹಮೀನು ತನ್ನ ಬಾಯಿಗೆ ಹಿಡಿಸುವ ಯಾವ ಮೀನನ್ನೂ ಬಿಡದು. ಟ್ರಿಗರ್ ಮೀನಿಗೆ ಸಿಗಡಿ, ಏಡಿ ಎಂದರೆ ಊಟ. ಅನೇಕ ಚಿಟ್ಟೆಮೀನುಗಳ ಆಹಾರ ಹವಳದ ಜೀವಿಗಳೇ. ಅದಿಲ್ಲದೆ ಅವು ಸೊರಗಿ ಸಾಯುತ್ತವೆ.

2003ರಲ್ಲಿ ತೆರೆಕಂಡ 'ಫೈಂಡಿಂಗ್ ನೀಮೋ' ಚಿತ್ರದ ಇಬ್ಬರು ಗೆಳೆಯರನ್ನೇ ನೋಡಿ. ಕ್ಲೌನ್ ಮೀನು ಬೆರಳುದ್ದದ್ದು, ಚಿಕ್ಕ ತೊಟ್ಟಿಗೆ ಒಗ್ಗುತ್ತದೆ. ನೀಲಿ ಟ್ಯಾಂಗ್ ಬೆಳೆದರೆ ಸುಮಾರು ಒಂದು ಅಡಿ; ಅದಕ್ಕೆ ಈಜಲು ಉದ್ದನೆಯ ಜಾಗ ಬೇಕು. ಕ್ಲೌನ್ ಮೀನಿನ ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ಬಲವಾದದ್ದು ಹೆಣ್ಣಾಗಿ, ಇನ್ನೊಂದು ಗಂಡಾಗಿ ಜೋಡಿಯಾಗುತ್ತವೆ. ಗುಂಪಾಗಿ ಬಿಟ್ಟರೆ ಜಗಳ. ಸಾಧು ಸ್ವಭಾವದ ಮೀನನ್ನು ಮೊದಲು, ಜಾಗಕ್ಕಾಗಿ ಕಾದಾಡುವ ಡ್ಯಾಮ್ಸೆಲ್‌ನಂಥದ್ದನ್ನು ಕೊನೆಗೆ ಬಿಡುವುದು ಅನುಭವಿಗಳ ರೂಢಿ. ಮೊದಲು ಬಂದದ್ದು ತೊಟ್ಟಿಯನ್ನೇ ತನ್ನದೆಂದುಕೊಳ್ಳುತ್ತದಲ್ಲ!

ಇನ್ನು ಹವಳದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳೂ ಸೇರಿದವು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ನೇತ್ರಾಣಿಯಿಂದ ನೆನಪಿಗೆಂದು ಒಂದು ಚೂರು ಮುರಿದು ತಂದರೂ ಅಪರಾಧವೇ. ಮನೆಯ ತೊಟ್ಟಿಗೆ ಕಲ್ಲು, ಕೃತಕ ಹವಳ ಸಾಕು. ಮೀನಿಗೆ ಬೇಕಾದದ್ದು ಅಡಗುತಾಣ. ಮೀನನ್ನೂ ಕಡಲಿನಿಂದಲೇ ಹಿಡಿಯಬೇಕಾಗಿಲ್ಲ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ಅಂಗಡಿಯಲ್ಲಿ ಬೆಲೆ ಕೇಳುವ ಮುನ್ನ ಮರಿ ಎಲ್ಲಿ ಹುಟ್ಟಿತು, ಎಷ್ಟು ಬೆಳೆಯುತ್ತದೆ, ಏನು ತಿನ್ನುತ್ತದೆ ಎಂದು ಕೇಳುವ ವಿದ್ಯಾರ್ಥಿ ಅರ್ಧ ಜೀವಶಾಸ್ತ್ರ ಕಲಿತಂತೆಯೇ.

ತೊಟ್ಟಿಗೆ ಹೊಂದದ ಮೀನುಗಳನ್ನು ಅವುಗಳ ಮನೆಯಲ್ಲೇ ನೋಡಬಹುದು. ಮುರ್ಡೇಶ್ವರಕ್ಕೆ ಕೊಂಕಣ ರೈಲಿದೆ, ಕರಾವಳಿ ಹೆದ್ದಾರಿಯ ಬಸ್ಸುಗಳಿವೆ. ಮಳೆಗಾಲ ಕಳೆದ ಮೇಲೆ, ಕಡಲು ಶಾಂತವಾಗಿರುವ ದಿನ ನೋಡಿಕೊಂಡು ಹೊರಡುವುದು ಒಳ್ಳೆಯದು.